ಸುತ್ತಿಗೆಯಿಲ್ಲದ ಮನೆ

ನಟ್ಟು ಬಿಚ್ಚಲಿಲ್ಲ ಎನ್ನುವುದು ಸುಭಾಷನಿಗೆ ಅಂಥ ದೊಡ್ಡ ವಿಷಯವಾಗಿರಲಿಲ್ಲ. ಕಾರಿನ ಚಕ್ರದ ನಟ್ಟುಗಳು ಒಮ್ಮೆ ಮುನಿಸಿಕೊಂಡರೆ ಯಾರ ಮಾತನ್ನೂ ಕೇಳುವುದಿಲ್ಲ, ಅದು ಅವುಗಳ ಜಾಯಮಾನ. ಆದರೆ ಹೋದ ಭಾನುವಾರ ಉತ್ತರಹಳ್ಳಿಯ ತನ್ನ ಮನೆಯ ಗೇಟಿನ ಮುಂದೆ, ತೂತು ಬಿದ್ದ ಬನಿಯನ್ನಿನಲ್ಲಿ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕುಣಿದು, ಜಾರಿ ಬಿದ್ದು, ಬೆರಳಿನ ಗೆಣ್ಣು ಸುಲಿದುಕೊಂಡು ಅವನು ಏಳುತ್ತಿದ್ದಾಗ ಎದುರು ಮನೆಗೆ ನೆಂಟರಾಗಿ ಬಂದ ಹೆಂಗಸೊಬ್ಬರು ಕಾರಿನ ಕಿಟಕಿ ಇಳಿಸಿ, 'ಏನಪ್ಪಾ, ಇದಾದ್ಮೇಲೆ ನಮ್ ಗಾಡೀನೂ ಒಂಚೂರು ನೋಡು, ಬ್ರೇಕ್ ಒತ್ತಿದ್ರೆ ಕಿರ್ ಅನ್ನತ್ತೆ' ಎಂದಿದ್ದರು. ಸುಭಾಷ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, 'ಆಯ್ತು ಮೇಡಂ' ಎಂದಿದ್ದ. ವರಾಂಡದ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಅದನ್ನು ಕೇಳಿಸಿಕೊಂಡು ಎದ್ದು ಒಳಗೆ ಹೋಗಿದ್ದ. ಅವತ್ತಿನಿಂದ ಪಿಳ್ಳಪ್ಪ ಮಗನ ಜೊತೆ ಮಾತು ಬಿಟ್ಟಿದ್ದ.

ಆ 'ಆಯ್ತು' ತನ್ನ ಬಾಯಿಂದ ಯಾಕೆ ಬಂತು ಎಂದು ಸುಭಾಷ ವಾರವಿಡೀ ತಲೆ ಕೆಡಿಸಿಕೊಂಡಿದ್ದ. ಸರ್ಕಾರಿ ಕಚೇರಿಯಲ್ಲಿ ಅಧೀಕ್ಷಕನಾದ ಮೇಲೆ ಅವನು ಯಾರಿಗೂ ಅಷ್ಟು ಸಲೀಸಾಗಿ ಆಯ್ತು ಅಂದವನಲ್ಲ. ನೋಡೋಣ, ಮುಂದಿನ ವಾರ ಬನ್ನಿ ಎನ್ನುವುದು ಅವನ ಪಾಠ. 'ನಾನು ಮೆಕ್ಯಾನಿಕ್ ಅಲ್ಲ ಮೇಡಂ, ಇದು ನಮ್ಮನೆ' ಎಂದು ನಗುತ್ತ ಹೇಳಿದ್ದರೆ ಅವರೂ ನಕ್ಕು ಅಲ್ಲಿಗೆ ಮುಗಿಯುತ್ತಿತ್ತು. ಇಂಥ ಉತ್ತರಗಳೆಲ್ಲ ಆಮೇಲೆ, ಬಚ್ಚಲಲ್ಲಿ ಪಾತ್ರೆ ಸೋಪಿನಿಂದ ಗ್ರೀಸು ಉಜ್ಜಿಕೊಳ್ಳುವಾಗ, ಸಾಲುಗಟ್ಟಿ ಬಂದವು. ಆ ಗಳಿಗೆಯಲ್ಲಿ ಮಾತ್ರ ಬೆನ್ನು ತಾನಾಗಿ ಒಂದಿಷ್ಟು ಬಗ್ಗಿತ್ತು, ಬಾಯಿ ತಾನಾಗಿ ತೆರೆದಿತ್ತು. ಆ ಬೆನ್ನು, ಆ ಬಾಯಿ ತನ್ನವಲ್ಲವೇ ಅಲ್ಲ ಎಂದು ಅವನಿಗೆ ಅನ್ನಿಸಿ ಹೆದರಿಕೆಯಾಗಿತ್ತು. ಪಾಪ, ಆ ಹೆಂಗಸು ಮರೆತುಬಿಟ್ಟಿರಬೇಕು. ಊಟ ಮುಗಿಸಿ ಕಿರ್ರೆನ್ನುವ ಬ್ರೇಕಿನಲ್ಲೇ ವಾಪಸು ಹೋದರು.

ಇವತ್ತು ಎರಡನೇ ಶನಿವಾರ, ಕಚೇರಿಗೆ ರಜೆ. ಬೆಳಿಗ್ಗೆ ತಿಂಡಿಗೆ ಕೂತಾಗ ಪಿಳ್ಳಪ್ಪ ಮಗನ ತಟ್ಟೆಯನ್ನು ದಾಟಿ ಹೆಂಡತಿಯ ಮುಖ ನೋಡಿ, 'ಗ್ಯಾಸ್ ಮುಗೀತಾ ಬಂದೈತಂತೆ, ಬುಕ್ ಮಾಡಕ್ ಹೇಳು' ಎಂದ. ಈಶ್ವರಮ್ಮ ಚಟ್ನಿ ಬಡಿಸುತ್ತ, 'ಅವ್ನು ಕಿವುಡ ಅಲ್ಲ, ನೀನು ಮೂಗ ಅಲ್ಲ. ಮಧ್ಯ ನಾನ್ಯಾಕೆ ತಂತಿ ಆಪೀಸು?' ಎಂದಳು. ಪಿಳ್ಳಪ್ಪ ಕಾಫಿ ಲೋಟ ಹಿಡಿದುಕೊಂಡ. ಸ್ಟೀಲ್ ಲೋಟ, ಒಲೆಯಿಂದ ಆಗಷ್ಟೇ ಇಳಿದ ಕಾಫಿ; ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಎಂದು ಕೆಳಗಿಡಬೇಕಿತ್ತು. ಪಿಳ್ಳಪ್ಪನ ಬೆರಳುಗಳಿಗೆ ಬಿಸಿ ಗೊತ್ತಾಗುವುದು ನಿಂತು ಬಹಳ ಕಾಲವಾಗಿದೆ. ಸುಭಾಷ ದೋಸೆ ಮುರಿಯುತ್ತ ಆ ಬೆರಳುಗಳನ್ನೇ ನೋಡಿದ, ಅಪ್ಪ ತನ್ನನ್ನು ನೋಡುತ್ತಿಲ್ಲ ಎನ್ನುವ ಧೈರ್ಯದ ಮೇಲೆ.

ಪಿಳ್ಳಪ್ಪನ ಮನೆಯಲ್ಲಿ ಸುತ್ತಿಗೆ ಇಲ್ಲ. ಇರಕೂಡದು. ಕೆಲವು ಮನೆಗಳಲ್ಲಿ ಶನಿವಾರ ಕಬ್ಬಿಣ ತರಬಾರದು ಎಂಬ ಶಾಸ್ತ್ರವಿರುತ್ತದೆ. ಇಲ್ಲಿ ವಾರದ ಏಳು ದಿನವೂ ಸುತ್ತಿಗೆ ತರುವಂತಿಲ್ಲ. ಕ್ಯಾಲೆಂಡರಿನ ಮೊಳೆ ಹೊಡೆಯುವುದು ರುಬ್ಬುವ ಗುಂಡುಕಲ್ಲಿನಿಂದ. ನಡುಮನೆಯಲ್ಲಿ ಬುದ್ಧನ ಪಟ ಹಾಕುವಾಗಲೂ ಗುಂಡುಕಲ್ಲೇ; ಮೊಳೆಗಳು ಸೊಟ್ಟಗಾಗಿ ಗಾರೆ ಉದುರಿ, ಕೊನೆಗೆ ಪಟ ನಿಂತದ್ದು ಒಂದಿಷ್ಟು ವಾಲಿಕೊಂಡೇ. ಅಡುಗೆಮನೆಗೆ ಮರಗೆಲಸ ಮಾಡಿಸಿದಾಗ ಬಡಗಿಯ ಸುತ್ತಿಗೆ ಕತ್ತಲಾದ ಮೇಲೆ ಮನೆಯೊಳಗೆ ಉಳಿಯುವಂತಿರಲಿಲ್ಲ. ಉಳಿದ ಸಾಮಾನೆಲ್ಲ ಮೂಲೆಯಲ್ಲಿ ಬಿಟ್ಟು ಅವನು ಸುತ್ತಿಗೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ. 'ಯಜಮಾನ್ರಿಗೆ ಏನೋ ಹರಕೆ ಇರ್ಬೇಕು' ಎಂದು ಅವನು ತಿಳಿದುಕೊಂಡಿದ್ದ. ಹರಕೆ ಅಂದರೂ ತಪ್ಪಿಲ್ಲ. ಕೆರೆಯಾಚೆಯ ಬಂಡೆಯಲ್ಲಿ ಪಿಳ್ಳಪ್ಪ ಕಲ್ಲು ಹೊಡೆದ, ಅವನಪ್ಪನೂ ಹೊಡೆದ. ಸುಭಾಷನಿಗೆ ಸರ್ಕಾರಿ ಕೆಲಸದ ಆರ್ಡರ್ ಬಂದ ದಿನ ಪಿಳ್ಳಪ್ಪ ಹೊಸ ಪಂಚೆ ಉಟ್ಟು, ತನ್ನ ಸುತ್ತಿಗೆಗಳನ್ನೂ ದೊಡ್ಡ ಸಮ್ಮಟಿಗೆಯನ್ನೂ ಗೋಣಿಯಲ್ಲಿ ಹೊತ್ತುಕೊಂಡು ಹೋಗಿ, ನೀರು ತುಂಬಿದ್ದ ಬಂಡೆಗುಂಡಿಗೆ ಒಂದೊಂದಾಗಿ ಎಸೆದು ಬಂದಿದ್ದ. ಈಗ ಗುಂಡಿ ಮುಚ್ಚಿ ಅದರ ಮೇಲೆ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಈಜುಕೊಳ ಇದೆಯಂತೆ.

ಹಾಗಾದರೆ ಸುಭಾಷನಿಗೆ ಈ ಗ್ರೀಸಿನ ಹುಚ್ಚು ಎಲ್ಲಿಂದ ಹತ್ತಿತು? ಅದು ಅವನಿಗೂ ಸರಿಯಾಗಿ ಗೊತ್ತಿಲ್ಲ. ಕಚೇರಿಯಲ್ಲಿ ಒಂದು ಕಾಗದ ಮೇಜಿಂದ ಮೇಜಿಗೆ ಹೋಗಿ, ಬೆಳೆದು, ದಪ್ಪಗಾಗಿ ಮತ್ತೆ ಅವನ ಮೇಜಿಗೇ ಬರುತ್ತದೆ. ಏನಾಯಿತು ಎಂದು ಕೇಳಿದರೆ ಯಾರೂ ಹೇಳಲಾರರು. ಕಾರಿನ ಕೆಳಗೆ ಹಾಗಲ್ಲ. ಬಿಚ್ಚಿದ್ದು ಬಿಚ್ಚಿದ್ದೇ, ಕೂಡಿಸಿದ್ದು ಕೂಡಿಸಿದ್ದೇ. ಸೆಕೆಂಡ್‌ಹ್ಯಾಂಡ್ ಕಾರು ತಂದ ಮೊದಲ ವರ್ಷ ಏರ್ ಫಿಲ್ಟರ್ ಬದಲಾಯಿಸಿದ, ಆಮೇಲೆ ಆಯಿಲ್, ಈಗ ಬ್ರೇಕ್ ಪ್ಯಾಡಿನವರೆಗೆ ಬಂದಿದ್ದಾನೆ. ಹೊಸ ಪ್ಯಾಡುಗಳು ಡಬ್ಬಿಯಲ್ಲೇ ಇವೆ, ಚಕ್ರ ಕಳಚದೆ ಅವನ್ನು ಹಾಕುವಂತಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಅವನಿಗೆ ಮೊಸರು ಬೇಕಿರಲಿಲ್ಲ, ಕೆಸರೇ ಸಾಕಿತ್ತು. ಆದರೆ ಅಪ್ಪ ವರಾಂಡದಲ್ಲಿ ಕೂತು ನೋಡುವಾಗ ಆ ಕೆಸರಿನ ಖುಷಿ ಕಳ್ಳತನದ ಖುಷಿಯಾಗುತ್ತಿತ್ತು. ಇವನ ಕೈ ಹೀಗಾಗಬಾರದು ಅಂತಲೇ ಆ ಮನುಷ್ಯ ತನ್ನ ಕೈ ಹಾಗೆ ಮಾಡಿಕೊಂಡಿದ್ದ.

ನಟ್ಟು ಬಿಚ್ಚುವ ಯಂತ್ರ, ಇಂಪ್ಯಾಕ್ಟ್ ರೆಂಚಿನ ವಿಷಯ ತಲೆಗೆ ಹಾಕಿದವನು ಸುಶ್ರುತ. ಅವನೂ ಅದೇ ಕಚೇರಿ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅಜ್ಜ ಕಟ್ಟಿಸಿದ ಮನೆ. ಅವನ ಗ್ಯಾರೇಜಿನ ಗೋಡೆಯ ಮೇಲೆ ಸ್ಪ್ಯಾನರುಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತವೆ, ಪ್ರತಿಯೊಂದರ ಹಿಂದೆಯೂ ಅದರದೇ ಆಕಾರದ ಗೆರೆ. ಮೊನ್ನೆ ಸಂಜೆ ಸುಭಾಷ ಹೋದಾಗ ಸುಶ್ರುತನ ಅಪ್ಪ ಬಾಗಿಲಲ್ಲೇ ನಿಂತು, 'ನಮ್ಮ ಹುಡುಗನಿಗೆ ಕೈಕೆಲಸ ಅಂದ್ರೆ ಪ್ರಾಣ ನೋಡಿ. ಆಳು ಮಾಡಿದ್ದು ಹಾಳು ಅಂತ ಎಲ್ಲಾ ತಾನೇ ಮಾಡ್ಕೋತಾನೆ' ಎಂದು ಹೆಮ್ಮೆಪಟ್ಟರು. ಸುಶ್ರುತನ ಉಗುರಿನಲ್ಲೂ ಸುಭಾಷನ ಉಗುರಿನಲ್ಲಿದ್ದಂಥದೇ ಕಪ್ಪು ಇತ್ತು. ಅಲ್ಲಿ ಅದು ಹವ್ಯಾಸ. 'ಮಗಾ, ಕೈಯಲ್ಲಿ ಗುದ್ದಾಡಿ ಸಾಯ್ಬೇಡ, ಕಾರ್ಡ್‌ಲೆಸ್ ಇಂಪ್ಯಾಕ್ಟ್ ರೆಂಚ್ ತಗೊ,' ಎಂದ ಸುಶ್ರುತ, 'ಬ್ಯಾಟ್ರಿ ಹಾಕು, ಟ್ರಿಗರ್ ಒತ್ತು, ನಟ್ಟು ಅಪ್ಪಾ ಅಂತ ಬರತ್ತೆ. ಸಖತ್ತಾಗಿರತ್ತೆ.' ಅವನದನ್ನು ಯಾರೋ ತೆಗೆದುಕೊಂಡು ಹೋಗಿದ್ದರಿಂದ ತೋರಿಸಲಾಗಲಿಲ್ಲ. ಸುಭಾಷ ಒಳ್ಳೆಯದೇ ಆಯಿತು ಎಂದುಕೊಂಡ, ಯಾಕೆ ಎಂದು ಹೇಳಲು ಬರುತ್ತಿರಲಿಲ್ಲ. ಸುಶ್ರುತ ಒಳ್ಳೆಯವನು, ಅವನ ಮೇಲೆ ಹೊಟ್ಟೆಕಿಚ್ಚು ಪಡಲಿಕ್ಕೆ ಒಂದು ಕಾರಣವನ್ನೂ ಅವನು ಕೊಟ್ಟವನಲ್ಲ. ಆದರೂ ಬರುವಾಗ ದಾರಿಯುದ್ದಕ್ಕೂ ಸುಭಾಷನ ಹೊಟ್ಟೆ ಉರಿಯಿತು.

'ತಗೊಳೋದಾದ್ರೆ ಹೋಗಿ ತಗೊಂಡ್ ಬನ್ನಿ, ಇಲ್ಲಾಂದ್ರೆ ಮಾವನ ಹತ್ರ ಕೂತು ಮಾತಾಡಿ. ಎರಡೂ ಮಾಡ್ದೆ ಹಿಂಗೆ ಬಾಲ ಸುಟ್ಟ ಬೆಕ್ಕಿನ ಹಂಗೆ ಓಡಾಡ್ಬೇಡಿ' ಎಂದಳು ಹೆಂಡತಿ ರೇಖಾ. ಅವಳು ಬನಶಂಕರಿಯ ಶಾಲೆಯೊಂದರಲ್ಲಿ ಟೀಚರು, ಮನೆಯಲ್ಲೂ ಮಾತು ಹಾಗೇ. ಸುಭಾಷ ಸ್ಕೂಟರ್ ತೆಗೆದ. ಯಲಚೇನಹಳ್ಳಿ ದಾಟಿ ಮೆಟ್ರೋ ಕಂಬಗಳ ನೆರಳಿನಲ್ಲಿ ಕನಕಪುರ ರಸ್ತೆ ಹಿಡಿದು ಹೋಗುವಾಗ, ಪ್ರತಿ ಸಿಗ್ನಲ್ಲಿನಲ್ಲೂ ವಾಪಸು ತಿರುಗಿಬಿಡೋಣ ಎನ್ನಿಸುತ್ತಿತ್ತು. ಒಂದು ಉಪಕರಣ ಕೊಂಡರೆ ಇದು ಚಟವಲ್ಲ, ಇದೇ ನಾನು ಎಂದು ಅಪ್ಪನ ಎದುರಿಗೆ ಹೇಳಿದಂತೆ. ಕೊಳ್ಳದಿದ್ದರೆ ಕಾರನ್ನು ಇನ್ನು ಗ್ಯಾರೇಜಿಗೆ ಬಿಡುತ್ತೇನೆ, ಆ ಭಾನುವಾರ ನಡೆದದ್ದು ನಡೆಯಲೇ ಇಲ್ಲ ಎಂದಂತೆ. ಅಪ್ಪ ಮತ್ತೆ ಮಾತಾಡಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಆದರೆ ಯಾವ ಸುಭಾಷನ ಜೊತೆ ಮಾತಾಡಬೇಕು ಎನ್ನುವುದು ಸಾರಕ್ಕಿ ಸಿಗ್ನಲ್ ಬರುವವರೆಗೂ ಇತ್ಯರ್ಥವಾಗಲಿಲ್ಲ.

ಜೆ.ಪಿ. ನಗರದ ಉಪಕರಣಗಳ ಅಂಗಡಿಯಲ್ಲಿ ಗಿರಾಕಿಗಳೇ ಇರಲಿಲ್ಲ. 'ಶನಿವಾರ ನಮ್ಗೆ ಆರಾಮ ಸಾರ್, ಯಾರೂ ಕಬ್ಬಿಣ ಮನೆಗೆ ಒಯ್ಯಲ್ಲ. ನಿಮ್ಗೇನೂ ಇಲ್ವಾ ಹಂಗೆ?' ಎಂದರು ಒಡತಿ ಸತ್ಯಭಾಮಾ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು. ಸುಭಾಷ ಇಲ್ಲ ಎಂದ. ಅವರು ಮೂರು ಯಂತ್ರಗಳನ್ನು ಗಾಜಿನ ಮೇಜಿನ ಮೇಲೆ ತಂದಿಟ್ಟರು. ಮೂರೂ ಬಂದೂಕಿನ ಆಕಾರ, ಹಿಡಿಯ ತಳದಲ್ಲಿ ಬ್ಯಾಟರಿ, ಮೂತಿಯಲ್ಲಿ ಚೌಕದ ಉಕ್ಕಿನ ತುಂಡು. ಚಿಕ್ಕದು ಬೈಕಿಗೆ ಸಾಕು, ದೊಡ್ಡದು ಲಾರಿಯ ನಟ್ಟನ್ನೂ ಬಿಡುವುದಿಲ್ಲ, ನಡುವಿನದು ಮನೆ ಕಾರಿಗೆ. 'ಎಲ್ರೂ ಬಂದು ನಂಬರ್ ನೋಡಿ ದೊಡ್ಡದೇ ಕೇಳ್ತಾರೆ ಸಾರ್. ಸಾವಿರ ನ್ಯೂಟನ್ ಮೀಟರ್ ಕೊಡಿ ಅಂತಾರೆ. ಕಾರಿನ ನಟ್ಟಿಗೆ ಬೇಕಾಗಿರೋದು ನೂರು ಚಿಲ್ಲರೆ, ತುಕ್ಕು ಹಿಡಿದಿದ್ರೆ ಅದರ ಎರಡರಷ್ಟು ಮೂರರಷ್ಟು. ಮದ್ವೆ ಊಟಕ್ಕೆ ಮಾಡೋ ಪಾತ್ರೇಲಿ ಇಬ್ರಿಗೆ ಅನ್ನ ಮಾಡ್ದಂಗೆ.' ಮೇಜಿನ ಮೂಲೆಯಲ್ಲಿ ಅಡ್ಡಡ್ಡ ಕೊಯ್ದ ಹಳೆಯ ಯಂತ್ರವೊಂದಿತ್ತು, ಒಳಗಿನದೆಲ್ಲ ಕಾಣುವ ಹಾಗೆ. ಅವರು ಪೆನ್ನಿನ ತುದಿಯಿಂದ ತೋರಿಸಿದರು. 'ಇದು ಮೋಟಾರ್. ನಟ್ಟು ಹಟ ಮಾಡಿ ತಿರುಗಲ್ಲ ಅಂದ ತಕ್ಷಣ ಈ ಹ್ಯಾಮರ್ ಸ್ಪ್ರಿಂಗ್ ತಳ್ಕೊಂಡು ಹಿಂದಕ್ ಹೋಗತ್ತೆ, ವಾಪಸ್ ಬಂದು ಈ ತುಂಡಿಗೆ ಬಾರಿಸತ್ತೆ. ಕಮ್ಮಾರ್ರ ಅಡಿಗಲ್ಲು ಇರತ್ತಲ್ಲ, ಹಂಗೆ ಇದು. ನಿಮಿಷಕ್ಕೆ ಸಾವಿರಾರ್ ಏಟು.'

ಸುಭಾಷ ಆ ಕೊಯ್ದ ಉಕ್ಕಿನ ಮೇಲೆ ಬಗ್ಗಿದ. ಮುಷ್ಟಿಗಿಂತ ಚಿಕ್ಕದಾದ, ಎರಡು ಕಿವಿಗಳ ಒಂದು ಉಂಡೆ. 'ಹ್ಯಾಮರ್ ಅಂದ್ರೆ, ಸುತ್ತಿಗೇನಾ?'

'ಸುತ್ತಿಗೇನೇ ಸಾರ್. ಇನ್ನೇನಿರತ್ತೆ?'

'ಸುತ್ತಿಗೆ ಇಲ್ದೇ ಇರೋದು ಸಿಗಲ್ವಾ?'

ಸತ್ಯಭಾಮಾ ಅವನನ್ನು ಕನ್ನಡಕ ಇಳಿಸಿಕೊಂಡು ನೋಡಿದರು. ಬಗೆಬಗೆಯ ಗಿರಾಕಿಗಳನ್ನು ಕಂಡವರು, ಆದರೂ ನಗು ತಡೆಯಲಾಗಲಿಲ್ಲ. 'ಅದಿಲ್ದಿದ್ರೆ ಇದು ಇಂಪ್ಯಾಕ್ಟೇ ಅಲ್ಲ. ಬೇಡಾಂದ್ರೆ ಉದ್ದದ ರಾಡ್ ಕೊಡ್ತೀನಿ, ಸ್ಪ್ಯಾನರಿಗೆ ಸಿಕ್ಸಿ ಭುಜ ಕೊಟ್ಟು ಒತ್ತಿ. ಸುತ್ತಿಗೆ ಇರಲ್ಲ, ನಿಮ್ ಸೊಂಟಾನೂ ಇರಲ್ಲ.' ಅವನೂ ನಗಲು ಪ್ರಯತ್ನಪಟ್ಟ. ಮನಸ್ಸಿನಲ್ಲಿ ಮಾತ್ರ ಹೊಸ ಪಂಚೆಯುಟ್ಟ ಅಪ್ಪ ಗೋಣಿ ಹೊತ್ತು ಕೆರೆಯ ಏರಿಯ ಮೇಲೆ ಹೋಗುತ್ತಿದ್ದ. ಸರಿ, ತಿರುಗಿ ಹೋಗಿಬಿಡುವುದೇ ವಾಸಿ. ಯಾವ ಮುಖ ಇಟ್ಟುಕೊಂಡು ಆ ಮನೆಗೆ ಇದನ್ನು ಒಯ್ಯುವುದು? ಆದರೆ ಸತ್ಯಭಾಮಾ ಅಷ್ಟರಲ್ಲಿ ನಡುವಿನ ಯಂತ್ರದ ಮೂತಿಗೆ, ನಟ್ಟನ್ನು ಕಚ್ಚಿ ಹಿಡಿಯುವ ಸಾಕೆಟ್ ಹಾಕಿ ಅವನ ಕೈಗೆ ಕೊಟ್ಟಾಗಿತ್ತು. ನೆಲದ ಮೇಲೆ ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ದಿಮ್ಮಿ, ಅದರಲ್ಲಿ ಒಂದು ದಪ್ಪ ಬೋಲ್ಟು. 'ಮೊದ್ಲು ಕೈಯಲ್ಲಿ ನೋಡಿ' ಎಂದು ಸ್ಪ್ಯಾನರ್ ಕೊಟ್ಟರು. ಅವನು ಒತ್ತಿದ, ಎಳೆದ, ಉಸಿರು ಕಟ್ಟಿದ, ಬೋಲ್ಟು ಅಲುಗಲಿಲ್ಲ. 'ಈಗ ಇದರಲ್ಲಿ.'

ಅವನು ಹಲ್ಲು ಕಚ್ಚಿ, ಕಾಲು ಅಗಲಿಸಿ ನಿಂತು ಟ್ರಿಗರ್ ಒತ್ತಿದ. ಟರ್ರೆಂದು ಅಂಗಡಿಯೆಲ್ಲ ಗದ್ದಲ ತುಂಬಿತು, ಗಾಜಿನ ಮೇಜಿನ ಮೇಲಿದ್ದ ಪೆನ್ನು ಉರುಳಿ ಬಿತ್ತು, ಬೋಲ್ಟು ಸುಮ್ಮನೆ ತಿರುಗಿ ಮೇಲೆ ಬಂತು. ಅಷ್ಟೇ. ಸುಭಾಷ ಕೈಯನ್ನು ನೋಡಿಕೊಂಡ. ಅಂಗೈಯಲ್ಲಿ ಮಲಗಿದ ಬೆಕ್ಕಿನ ಹೊಟ್ಟೆ ಮುಟ್ಟಿದಷ್ಟು ಗುರುಗುಟ್ಟುವಿಕೆ, ಅದೂ ಮರುಕ್ಷಣ ಇಲ್ಲ. ಒಳಗೆ ಏಟಿನ ಮೇಲೆ ಏಟು ಬಿದ್ದಿತ್ತು, ಕಿವಿ ಅದಕ್ಕೆ ಸಾಕ್ಷಿ. ಕೈಗೆ ಮಾತ್ರ ಸುದ್ದಿಯೇ ಬಂದಿರಲಿಲ್ಲ. ಅವನು ಇನ್ನೊಂದು ಸಲ ಮಾಡಿದ. ಮತ್ತೊಂದು ಸಲ. ಭಯಕ್ಕೂ ಭಕ್ತಿಗೂ ನಡುವಿನ ಯಾವುದೋ ಒಂದು ಅವನ ಮೈಯನ್ನು ಜುಮ್ಮೆನ್ನಿಸಿತು. ಇಂಥದೊಂದು ಲೋಕದಲ್ಲಿದೆ ಎಂದು ತನಗೆ ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎಂದು ಅವನಿಗೆ ಅಳು ಬಂದ ಹಾಗಾಯಿತು. ಬಂಡೆಯಿಂದ ಬಂದ ಸಂಜೆ ಅಪ್ಪನ ಬೆರಳು ಮಡಿಸುತ್ತಿರಲಿಲ್ಲ. ಮುದ್ದೆ ಮುರಿಯಲು ಹೋದರೆ ಕೈ ಮರದ ಸೌಟಿನ ಹಾಗೆ ತಟ್ಟೆಗೆ ತಾಗುತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತು ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಅಪ್ಪ ಆಗ ಮಕ್ಕಳ ಕಡೆ ಬೆನ್ನು ಹಾಕಿ ಕೂರುತ್ತಿದ್ದ. ಬೆನ್ನಿನ ಆಚೆ ಏನು ನಡೆಯುತ್ತದೆಂದು ಮಕ್ಕಳಿಗೆಲ್ಲ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಸೊರ್ರೆಂದು ಸಾರು ಕುಡಿಯುತ್ತಿದ್ದರು. 'ಏಟು ಕಲ್ಲಿಗೆ ಬಿದ್ದು ವಾಪಸ್ ಬರ್ತದೆ ಕಣಪ್ಪ, ಭುಜದ ತಂಕ ಬಂದು ಅಲ್ಲೇ ಮನೆ ಮಾಡ್ತದೆ' ಎಂದು ಅಪ್ಪ ಒಮ್ಮೆ ಹೇಳಿದ್ದ, ದೂರುವ ದನಿಯಲ್ಲಲ್ಲ, ಮಳೆ ಬರುತ್ತದೆ ಎನ್ನುವ ದನಿಯಲ್ಲಿ.

'ಸಾರ್, ಯಾಕೆ ಹಂಗ್ ಹಿಡ್ಕೊಂಡಿದೀರ?' ಎಂದರು ಸತ್ಯಭಾಮಾ. ಸುಭಾಷ ಯಂತ್ರವನ್ನು ಬೆರಳು ಮಡಿಸದೆ, ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು, ಎತ್ತಿ ಇಳಿಸಿ ತೂಗುತ್ತಿದ್ದ. ದೊಡ್ಡದನ್ನೂ ಹಾಗೇ ಎತ್ತಿ ನೋಡಿ ಕೆಳಗಿಟ್ಟಿದ್ದ, ಅದು ಮೂತಿಯ ಕಡೆ ವಾಲುತ್ತಿತ್ತು. ನಡುವಿನದು ವಾಲದೆ ನಿಂತಿತು. 'ನಿಮ್ಗೇ ತಾನೆ ಇದು?'

'ನಮ್ಮಪ್ಪನಿಗೆ' ಎಂದುಬಿಟ್ಟ ಸುಭಾಷ.

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಮೊನ್ನೆಯಿಂದ ಮೊಬೈಲಿನಲ್ಲಿ ಓದಿದ್ದ ವೋಲ್ಟು, ಟಾರ್ಕು, ಬ್ರಷ್‌ಲೆಸ್ಸು ಎಲ್ಲ ಎಲ್ಲೋ ಹೋಗಿ, ತಾನು ಇಷ್ಟು ಹೊತ್ತೂ ಒಬ್ಬ ಮುದುಕನ ಮಣಿಕಟ್ಟಿಗೆ ಸರಿಹೊಂದುವುದನ್ನು ಹುಡುಕುತ್ತಿದ್ದೆ ಎಂದು ಅವನಿಗೆ ತಿಳಿಯಿತು. ಯಾವ ಮನುಷ್ಯ ಈ ಜನ್ಮದಲ್ಲಿ ಸುತ್ತಿಗೆ ಮುಟ್ಟೆನೆಂದು ಪಣ ತೊಟ್ಟಿದ್ದನೋ, ಅವನಿಗೆ. ಸತ್ಯಭಾಮಾ ಮಾತ್ರ ಅದರಲ್ಲಿ ವಿಶೇಷವೇನೂ ಕಾಣದೆ, 'ನಡುವಿಂದೇ ಸರಿ ಹಾಗಾದ್ರೆ. ಒಂದ್ ಮಾತು, ಇದರಲ್ಲಿ ಬಿಚ್ಚಿ ಅಷ್ಟೇ. ಬಿಗಿ ಮಾಡೋದು ಕೈಯಲ್ಲೇ ಮಾಡಿ. ಇದರಲ್ಲೇ ಬಿಗಿ ಮಾಡಿದ್ರೆ ಬೋಲ್ಟ್ ಕಿತ್ತು ಕೈಗೆ ಬರತ್ತೆ, ಆಮೇಲೆ ನನ್ನ ಬೈಬೇಡಿ' ಎಂದು ಡಬ್ಬಿ ಕಟ್ಟಿಕೊಟ್ಟರು.

ವಾಪಸು ಬರುವಾಗ ಡಬ್ಬಿ ಅವನ ಎರಡು ಕಾಲುಗಳ ನಡುವೆ ಸ್ಕೂಟರಿನಲ್ಲಿ ಕೂತಿತ್ತು. ರಸ್ತೆಯಲ್ಲಿ ಏನೇನೋ ಇತ್ತು, ಕಬ್ಬಿನ ಹಾಲಿನ ಗಾಡಿ, ಮೆಟ್ರೋದಿಂದ ಇಳಿದ ಜನ, ಬಾಳೆಹಣ್ಣಿನ ರಾಶಿ. ಅವನಿಗೆ ಕಂಡದ್ದೆಲ್ಲ ಕೈಗಳು. ಗಾಡಿ ತಿರುಗಿಸುವ ಕೈ, ಗೊನೆ ಕೊಯ್ಯುವ ಕೈ, ಬಸ್ಸಿನ ಕಂಬಿ ಹಿಡಿದ ಕೈ. ಲೋಕವೆಲ್ಲ ಏಟು ತಿನ್ನುತ್ತ ತನ್ನ ಪಾಡಿಗೆ ತಾನು ಓಡಾಡುತ್ತಿದೆ ಅನ್ನಿಸಿ ಅವನು ಯಲಚೇನಹಳ್ಳಿಯಲ್ಲಿ ತಿರುಗಬೇಕಾದ ಕಡೆ ತಿರುಗಲು ಮರೆತ. ಗೇಟಿನಲ್ಲಿ ಸಿಕ್ಕಿದ ರೇಖಾಗೆ ಎಲ್ಲ ಹೇಳಿದ. ಅವಳು ಡಬ್ಬಿಯ ಮೇಲಿನ ಚಿತ್ರ ನೋಡಿ, 'ಡ್ರಿಲ್ ಮಿಷನ್ ಅನ್ನಿ, ಮುಗೀತು. ಹಂಗೇ ಕಾಣತ್ತೆ. ಒಳಗಡೆ ಸುತ್ತಿಗೆ ಇರೋದು ಮಾವಂಗೆ ಹೆಂಗ್ ಗೊತ್ತಾಗತ್ತೆ?' ಎಂದಳು. ನಿಜವೇ. ಆ ಸುಳ್ಳಿನಿಂದ ಯಾರಿಗೂ ನಷ್ಟವಿರಲಿಲ್ಲ. ಸುಭಾಷ ಹೂಂ ಎಂದು ತಲೆ ಆಡಿಸಿದ. ಡ್ರಿಲ್ ಮಿಷನ್ ಅಪ್ಪ ಎಂದು ಮನಸ್ಸಿನಲ್ಲೇ ಅಭ್ಯಾಸವನ್ನೂ ಮಾಡಿಕೊಂಡ. ಆದರೆ ಅಂಗಡಿಯಲ್ಲಿ ತಾನು ಕಂಡದ್ದು ಆ ಸುತ್ತಿಗೆಯನ್ನೇ. ಅದನ್ನು ಮುಚ್ಚಿಟ್ಟರೆ ಅಪ್ಪನಿಗೆ ತೋರಿಸಲಿಕ್ಕೆ ಉಳಿಯುವುದೇನು, ಒಂದು ಪ್ಲಾಸ್ಟಿಕ್ ಹಿಡಿ?

ಪಿಳ್ಳಪ್ಪ ವರಾಂಡದ ಕುರ್ಚಿಯಲ್ಲಿ ಬಿಸಿಲಿಗೆ ಕಾಲು ಚಾಚಿಕೊಂಡಿದ್ದ. ಸುಭಾಷ ಮೆಟ್ಟಿಲ ಮೇಲೆ ಕೂತು, ಡಬ್ಬಿ ಬಿಚ್ಚಿ, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡ. ಗೇಟು ದಾಟಿದ ಕೂಡಲೆ ಅವನ ನಾಲಿಗೆ ತಾನಾಗಿ ಕಚೇರಿಯ ಕನ್ನಡ ಕಳಚಿಡುತ್ತಿತ್ತು, ಇವತ್ತು ಅದೂ ಒಂದೇ ಸಲಕ್ಕೆ ಬರಲಿಲ್ಲ.

'ಅಪ್ಪಾ. ಇದ್ರೊಳಗೆ ಸುತ್ತಿಗೆ ಐತೆ.'

ಒಳಗೆ ಈಶ್ವರಮ್ಮನ ಪಾತ್ರೆಯ ಸದ್ದು ನಿಂತಿತು. ಪಿಳ್ಳಪ್ಪ ಕಾಲು ಹಿಂದಕ್ಕೆಳೆದುಕೊಂಡ. ರಸ್ತೆಯ ಕಡೆಗೇ ನೋಡುತ್ತ, 'ಸುತ್ತಿಗೆ ತಂದ್ಯಾ' ಎಂದ. ಕೇಳಿದಂತಿರಲಿಲ್ಲ, ಬರೆದುಕೊಂಡಂತಿತ್ತು. ವಾರದ ನಂತರ ಅಪ್ಪ ತನ್ನ ಕಡೆಗೆ ಆಡಿದ ಮೊದಲ ಮಾತು ಅದು ಎಂದು ಸುಭಾಷ ಲೆಕ್ಕ ಹಾಕಿದ, ಆ ಹೊತ್ತಿನಲ್ಲೂ.

'ಹೂಂ. ಮುಚ್ಚಿಟ್ಟು ತರ್ಬೋದಾಗಿತ್ತು. ಮುಚ್ಚಿಡ್ಲಿಲ್ಲ.'

'ಗಾಡಿ ಬಿಚ್ಬೇಡ ಅಂದ್ನೇನ್ಲಾ ನಾನು?' ಪಿಳ್ಳಪ್ಪನ ದನಿ ಒಮ್ಮೆಗೇ ಏರಿತು. 'ಬಿಚ್ಕೊ. ಗಾಡಿ ನಿಂದು, ಕೈ ನಿಂದು. ಆ ಯಮ್ಮಂಗೆ ಆಯ್ತು ಅಂದ್ಯಲ್ಲ, ಅದ್ಕೆ ನಂಗೆ ಅನ್ನ ಇಳೀಲಿಲ್ಲ. ಈ ಮನೆ ಪಾಲಿಗೆ ಬಂದಿದ್ದ ಆಯ್ತುಗಳ್ನೆಲ್ಲ ನಾನೇ ಅಂದು ಮುಗ್ಸಿದ್ನಲ್ಲೋ. ಕಂಟ್ರಾಕ್ಟ್ರಿಗೆ ಅಂದೆ, ಮೇಸ್ತ್ರಿಗೆ ಅಂದೆ, ಲಾರಿ ಡ್ರೈವರ್‌ಗೂ ಅಂದೆ. ನಿನ್ ಪಾಲಿಂದೂ ಸೇರ್ಸಿ ಅಂದಿದ್ದೆ ಕಣಪ್ಪ.'

ಸುಭಾಷ ಸಿದ್ಧ ಮಾಡಿಕೊಂಡಿದ್ದ ಸಮಜಾಯಿಷಿಗಳನ್ನೆಲ್ಲ ಬಿಟ್ಟು, 'ನಂಗೂ ಇಳೀಲಿಲ್ಲ ಅಪ್ಪ' ಎಂದ. ಅಷ್ಟೇ ಇದ್ದದ್ದು. ಪಿಳ್ಳಪ್ಪ ಮಗನ ಮುಖವನ್ನು ಈಗ ನೇರವಾಗಿ ನೋಡಿದ, ಅಲ್ಲಿಂದ ಸುಲಿದ ಗೆಣ್ಣಿಗೆ, ಗೆಣ್ಣಿನಿಂದ ತೊಡೆಯ ಮೇಲಿನ ಯಂತ್ರಕ್ಕೆ ಅವನ ಕಣ್ಣು ಇಳಿಯಿತು. ಸಿಟ್ಟು ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೊಂದೇನೋ ಬಂದು ಕೂತಿತು.

'ಎಲ್ಲೈತೆ ಸುತ್ತಿಗೆ? ಮರದ ಕಾವು ಇಲ್ಲ, ತಲೆ ಇಲ್ಲ.'

'ಒಳಗಡೆ. ಮುಷ್ಟಿಗಿಂತ ಚಿಕ್ದು.'

'ಬೀಸೋರ್ಯಾರು?'

'ಯಾರೂ ಇಲ್ಲ. ಬ್ಯಾಟ್ರಿ.'

ಪಿಳ್ಳಪ್ಪ ಹ್ಹ ಎಂದ. ಮಗ ತನ್ನನ್ನು ಮಂಗ ಮಾಡುತ್ತಿದ್ದಾನೋ ಎನ್ನುವ ಹಾಗೆ. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದ. 'ತೋರ್ಸು.'

ಕಾರು ಗೇಟಿನ ಮುಂದೆ ಹೋದ ಭಾನುವಾರ ನಿಂತಲ್ಲೇ ನಿಂತಿತ್ತು, ಮೇಲೆ ಹೊಂಗೆಯ ಎಲೆಗಳು ಬಿದ್ದಿದ್ದವು. ಸುಭಾಷ ಕೂತು ಸಾಕೆಟ್ಟನ್ನು ಮೊದಲ ನಟ್ಟಿಗೆ ಕೂರಿಸಿ ಟ್ರಿಗರ್ ಒತ್ತಿದ. ಬೀದಿಯೆಲ್ಲ ಟರ್ರೆಂದಿತು. ಎದುರು ಮನೆಯ ಬಾಲ್ಕನಿಯಲ್ಲಿ ಯಾರೋ ಬಂದು ನೋಡಿದರು. ನೋಡಿಕೊಳ್ಳಲಿ ಎಂದು ಅವನಿಗೆ ಅನಿಸಿತು. ನಟ್ಟು ಒಂದು ಕ್ಷಣ ಹಟ ಮಾಡಿ, ತುಕ್ಕಿನ ಪುಡಿ ಉದುರಿಸಿ, ಸಲೀಸಾಗಿ ಅವನ ಅಂಗೈಗೆ ಬಂತು. ಅವನು ತಿರುಗಿ ನೋಡಿದಾಗ ಪಿಳ್ಳಪ್ಪನ ಬಾಯಿ ಅರೆ ತೆರೆದಿತ್ತು. ಮುದುಕ ನಟ್ಟನ್ನು ಈಸಿಕೊಂಡು ತಿರುಗಿಸಿ ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡ. ಆಮೇಲೆ ಎರಡೂ ಕೈ ಮುಂದಕ್ಕೆ ಚಾಚಿದ.

ಸುಭಾಷ ಯಂತ್ರವನ್ನು ಆ ಅಂಗೈಗಳ ನಡುವೆ ಇಟ್ಟ. ಅಪ್ಪನ ತೋರುಬೆರಳು ಟ್ರಿಗರಿನ ಮೇಲೆ ಬಂದಿದೆಯೋ ಇಲ್ಲವೋ ಅಪ್ಪನಿಗೇ ತಿಳಿಯುತ್ತಿರಲಿಲ್ಲ, ಅದನ್ನು ಇವನೇ ಹಿಡಿದು ಸರಿಯಾಗಿ ಇಡಬೇಕಾಯಿತು. ಬೆರಳು ಒಣಗಿದ ತೊಗಟೆಯ ಹಾಗೆ ಒರಟಾಗಿತ್ತು. ದೊಡ್ಡವನಾದ ಮೇಲೆ ಅಪ್ಪನ ಕೈಯನ್ನು ಮುಟ್ಟಿದ್ದೇ ನೆನಪಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಪಿಳ್ಳಪ್ಪ ಕಾಲು ಅಗಲಿಸಿದ. ಕತ್ತು ಒಳಕ್ಕೆ ಸೇದಿಕೊಂಡ, ಬಲಭುಜ ಮೇಲಕ್ಕೆತ್ತಿ ಗಟ್ಟಿ ಮಾಡಿದ, ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡ. ಬಂಡೆಯ ಮುಂದೆ ನಿಂತವನು ಹಾಗೇ ನಿಂತಿರಬೇಕು, ಜೀವಮಾನವೆಲ್ಲ. ಸುಭಾಷ ಸಾಕೆಟ್ಟನ್ನು ನಟ್ಟಿಗೆ ಹಿಡಿದುಕೊಂಡು, 'ಒತ್ತಪ್ಪ' ಎಂದ.

ಟರ್ರೆಂದು ಸದ್ದಾಯಿತು, ನಟ್ಟು ಬಿಟ್ಟಿತು, ಸದ್ದು ನಿಂತಿತು. ಪಿಳ್ಳಪ್ಪ ಕಣ್ಣು ಬಿಡಲಿಲ್ಲ. ಭುಜವನ್ನು ಇಳಿಸಲಿಲ್ಲ. ಬರಬೇಕಾದದ್ದು ಇನ್ನೂ ಬಂದಿಲ್ಲವೆಂದು ಕಾಯುತ್ತ ನಿಂತೇ ಇದ್ದ. ಬೀದಿಯಲ್ಲಿ ಒಂದು ಆಟೋ ಹೋಯಿತು. ಕೊನೆಗೆ ಒಂದು ಕಣ್ಣು ಬಿಟ್ಟು ಮೊಣಕೈಯನ್ನು ನೋಡಿದ, ಇನ್ನೊಂದನ್ನೂ ಬಿಟ್ಟು ಭುಜವನ್ನು ನೋಡಿದ.

'ಏಟು ಎಲ್ಲಿಗೋಯ್ತೋ ಸುಭಾಷ?'

'ನಟ್ಟಿಗೇ ಹೋಯ್ತಪ್ಪ.'

'ಎಲ್ಲಾನೂ?'

'ಎಲ್ಲಾನೂ.'

'ಕೈಗೇನೂ ಬರಲ್ವಾ?'

'ಬರಲ್ಲ.'

ಪಿಳ್ಳಪ್ಪ ಯಂತ್ರವನ್ನು ಎದೆಗೊತ್ತಿಕೊಂಡು, ಎಡಗೈಯಿಂದ ಬಲಭುಜವನ್ನು ಮೇಲಿಂದ ಕೆಳಗೆ ಸವರಿಕೊಂಡ. ಮುಖದಲ್ಲಿ ದುಃಖವಿರಲಿಲ್ಲ, ದೊಡ್ಡ ಬೆಳಕೊಂದನ್ನು ಕಂಡ ಮಗುವಿನ ದಿಗಿಲು ಇತ್ತು. 'ಹಂಗಾರೆ ನಾನು ಹೊಡೆದಿದ್ದೆಲ್ಲ ಕಲ್ಲಿಗಲ್ಲ ಕಣ್ಲಾ,' ಎಂದ ಮೆಲ್ಲಗೆ, 'ಅರ್ಧ ನಂಗೇ ಹೊಡ್ಕೊಂಡಿದೀನಿ.' ಹೇಳಿ ನಕ್ಕುಬಿಟ್ಟ, ಗಟ್ಟಿಯಾಗಿ, ಒಳಗಿನಿಂದ ಈಶ್ವರಮ್ಮ ಓಡಿ ಬರುವಷ್ಟು ಗಟ್ಟಿಯಾಗಿ. ನಗುತ್ತಲೇ ಮತ್ತೆ ಕಾಲು ಅಗಲಿಸಿ ನಿಂತು, ಈ ಸಲ ಭುಜ ಎತ್ತದೆ, ಕಣ್ಣು ಮುಚ್ಚದೆ, 'ಇನ್ನೊಂದಕ್ಕೆ ಇಡು' ಎಂದ. ಸುಭಾಷನಿಗೆ ಕಣ್ಣು ಮಂಜಾಗಿ ಚಕ್ರವೇ ಕಾಣುತ್ತಿರಲಿಲ್ಲ. ಅವನು ಬೆರಳಿನಿಂದ ತಡವಿ ಮುಂದಿನ ನಟ್ಟನ್ನು ಹುಡುಕಿದ.